ಏರುದಾರಿಯಲ್ಲಿ ಸೋಲುವ ಹಳೆಯ ವ್ಯಾನು

ಹಳೆಯ ವ್ಯಾನೊಂದನ್ನು ನಂಬಿ ಸಂಸಾರ ಸಾಗಿಸುವ ಕುಟುಂಬಗಳು ನಮ್ಮ ನಾಡಿನಲ್ಲಿ ಇಂದಿಗೂ ಕಡಿಮೆಯಲ್ಲ. ಮದುವೆ ಮುಂಜಿಗಳ ಅಡುಗೆಯನ್ನು ವಹಿಸಿಕೊಳ್ಳುವವರು, ಶಾಮಿಯಾನ ಹಾಕುವವರು, ದೀಪಗಳನ್ನೂ ಧ್ವನಿವರ್ಧಕಗಳನ್ನೂ ಬಾಡಿಗೆಗೆ ಕೊಡುವವರು, ಇವರೆಲ್ಲರಿಗೂ ವ್ಯಾನೆಂಬುದು ಬೇಸಾಯಗಾರನ ಜೋಡೆತ್ತಿನಂತೆ. ವ್ಯಾನಿನೊಳಗೆ ಆಳುಕಾಳುಗಳೂ ದಿನಸಿಯೂ ತುಂಬಿದರೆ, ಹಿಂದೆ ಕೊಂಡಿ ಹಾಕಿದ ಟ್ರೈಲರಿನಲ್ಲಿ ಕೊಪ್ಪರಿಗೆ ಹಂಡೆಗಳೋ ಜನರೇಟರೋ ಬರುವುದುಂಟು. ಬಯಲುದಾರಿಯಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಇಂತಹ ವಾಹನವು ಒಂದು ದಿನ ಘಟ್ಟದ ಏರಿನಲ್ಲಿ ಉಸಿರುಗಟ್ಟಿದಂತೆ ನಿಧಾನಿಸತೊಡಗುತ್ತದೆ. ಹಿಂದೆ ಮೂರನೆಯ ಗೇರಿನಲ್ಲಿ ಏರುತ್ತಿದ್ದ ತಿರುವಿಗೆ ಈಗ ಎರಡನೆಯದು ಸಾಲದು. ಎರಡನೆಯದರಲ್ಲಿ ಏರುತ್ತಿದ್ದಲ್ಲಿ ಮೊದಲನೆಯದೂ ನರಳುತ್ತದೆ. ಹಿಂದಿನ ಬಸ್ಸು ಹಾರನ್ನು ಒತ್ತುತ್ತಿರುತ್ತದೆ; ಮೇಲಿನ ಊರಿನಲ್ಲಿ ಒಲೆ ಹೊತ್ತಿಸುವ ಹೊತ್ತು ಮೀರುತ್ತಿರುತ್ತದೆ.

“ಗಾಡಿಗೆ ಪಿಕಪ್ಪಿಲ್ಲ” ಎಂದು ಚಾಲಕನು ಹೇಳುವ ಒಂದು ಮಾತಿನಲ್ಲಿ ಹತ್ತು ಹಲವು ರೋಗಗಳು ಅಡಗಿರುತ್ತವೆ. ಜ್ವರವೆಂದರೆ ಯಾವ ಜ್ವರವೆಂದು ಕೇಳದೆ ವೈದ್ಯನು ಔಷಧ ಕೊಡುವುದಿಲ್ಲವಷ್ಟೆ. ಆದರೆ ಗ್ಯಾರೇಜುಗಳಲ್ಲಿ ಅನೇಕ ವೇಳೆ ಆಗುವುದು ಬೇರೆ. ಗಾಡಿಯ ವಯಸ್ಸನ್ನು ನೋಡಿ, ಎರಡು ಸಲ ಆಕ್ಸಿಲರೇಟರನ್ನು ತುಳಿದು, “ಎಂಜಿನು ಸೋತಿದೆ, ಬಿಚ್ಚಿ ಬೋರು ಮಾಡಿಸಬೇಕು” ಎಂದು ತೀರ್ಪು ಹೇಳಿಬಿಡುವರು. ಆ ತೀರ್ಪು ಒಮ್ಮೊಮ್ಮೆ ನಿಜವೂ ಆಗಿರಬಹುದು. ಆದರೆ ಒಂದು ಸಂಸಾರದ ವರ್ಷದ ಉಳಿತಾಯವನ್ನು ನುಂಗುವ ಆ ಕೆಲಸಕ್ಕೆ ಕೈಹಾಕುವ ಮೊದಲು ಖರ್ಚಿಲ್ಲದೆ ಮನೆಯ ಅಂಗಳದಲ್ಲಿಯೇ ನೋಡಿ ತಿಳಿಯಬಹುದಾದ ಸಂಗತಿಗಳು ಬಹಳವಿವೆ. ಅವುಗಳನ್ನು ಮನೆಯ ಯಜಮಾನರೂ ಯಜಮಾನಿತಿಯರೂ ಅರಿತಿರಬೇಕೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಹಣ ಕೊಡತಕ್ಕವರು ಅವರೇ.

ಮೊದಲಿಗೆ, ಟ್ರೈಲರು ವ್ಯಾನಿನಿಂದ ಎಷ್ಟನ್ನು ಬೇಡುತ್ತದೆ ಎಂಬ ಲೆಕ್ಕವನ್ನು ನೋಡೋಣ. ಎಪ್ಪತ್ತೈದು ಕಿಲೋಗ್ರಾಂ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲೆತ್ತುವ ಸಾಮರ್ಥ್ಯಕ್ಕೆ ಒಂದು ಅಶ್ವಶಕ್ತಿಯೆಂದು ಹೆಸರು. ಜನರೂ ಸಾಮಾನೂ ಸೇರಿ ೨,೫೦೦ ಕಿಲೋಗ್ರಾಂ ತೂಗುವ ಒಂದು ವ್ಯಾನು, ಹದಿನೈದು ಮೀಟರಿಗೆ ಒಂದು ಮೀಟರು ಏರುವ ದಾರಿಯಲ್ಲಿ ಗಂಟೆಗೆ ೩೦ ಕಿಲೋಮೀಟರು ವೇಗದಿಂದ ಹೋಗುತ್ತಿದೆಯೆಂದು ಇಟ್ಟುಕೊಳ್ಳಿರಿ. ಅದು ಸೆಕೆಂಡಿಗೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಮೇಲೇರುತ್ತದೆ. ಆ ಏರಿಕೆಯೊಂದಕ್ಕೇ ಹದಿನೆಂಟೂವರೆ ಅಶ್ವಶಕ್ತಿ ಬೇಕು. ಹಿಂದೆ ೧,೦೦೦ ಕಿಲೋಗ್ರಾಮಿನ ಟ್ರೈಲರನ್ನು ಕಟ್ಟಿದರೆ ಅದೇ ವೇಗಕ್ಕೆ ೨೬ ಅಶ್ವಶಕ್ತಿ ಬೇಕಾಗುತ್ತದೆ. ಗಾಲಿಗಳು ಉರುಳುವುದಕ್ಕೆ, ಗಾಳಿಯನ್ನು ಸೀಳುವುದಕ್ಕೆ, ಗೇರುಗಳ ತಿಕ್ಕಾಟಕ್ಕೆ ಬೇಕಾದುದು ಇದರ ಮೇಲೆ ಪ್ರತ್ಯೇಕ.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಎಂಜಿನಿನ ಬಲದಲ್ಲಿ ಕಾಲುಭಾಗ ಕುಂದಿದ್ದರೂ, ಟ್ರೈಲರಿಲ್ಲದೆ ಬಯಲಿನಲ್ಲಿ ಓಡಾಡುವವನಿಗೆ ಅದು ಗೊತ್ತೇ ಆಗುವುದಿಲ್ಲ. ಟ್ರೈಲರು ಕಟ್ಟಿ ಘಟ್ಟ ಹತ್ತಿದ ದಿನ ಆ ಕೊರತೆ ಬಯಲಿಗೆ ಬೀಳುತ್ತದೆ. ಆಗ ಜನರು ಟ್ರೈಲರನ್ನು ದೂರುತ್ತಾರೆ. ಆ ಬಡಪಾಯಿ ಟ್ರೈಲರು ತಿಂಗಳುಗಳಿಂದ ಬೆಳೆಯುತ್ತಿದ್ದ ದೋಷಕ್ಕೆ ಸಾಕ್ಷಿ ಹೇಳಿತೇ ಹೊರತು ತಾನಾಗಿ ಏನನ್ನೂ ಮಾಡಿರುವುದಿಲ್ಲ.

ಇನ್ನೊಂದು ಸಹಜವಾದ ಕಾರಣವನ್ನೂ ಇಲ್ಲಿಯೇ ಹೇಳಿಬಿಡುವೆವು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ನೂರು ಮೀಟರಿಗೆ ಹೆಚ್ಚು ಕಡಿಮೆ ನೂರರಲ್ಲೊಂದು ಪಾಲಿನಂತೆ. ಕರಾವಳಿಯಿಂದ ಸಂಪಾಜೆಯ ಘಟ್ಟ ಹತ್ತಿ ೧,೧೫೦ ಮೀಟರಿನಷ್ಟು ಎತ್ತರದ ಮಡಿಕೇರಿಯನ್ನು ಸೇರುವಷ್ಟರಲ್ಲಿ, ಟರ್ಬೊ ಇಲ್ಲದ ಎಂಜಿನು ತನ್ನ ಬಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಕಳೆದುಕೊಂಡಿರುತ್ತದೆ. ಇದು ರೋಗವಲ್ಲ, ಇದಕ್ಕೆ ಔಷಧವೂ ಇಲ್ಲ. ಸಾಮಾನು ಕಡಿಮೆ ಹೇರುವುದು, ಗೇರನ್ನು ಬೇಗ ಇಳಿಸುವುದು, ಇಷ್ಟೇ ಮಾಡತಕ್ಕುದು.

ನಮ್ಮ ಕಡೆಯ ಹಳೆಯ ವ್ಯಾನುಗಳೆಂದರೆ ಮುಖ್ಯವಾಗಿ ಪುಣೆಯ ಬಜಾಜ್ ಟೆಂಪೋ ಸಂಸ್ಥೆಯವು. ಆ ಸಂಸ್ಥೆ ೨೦೦೫ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಅವರ ಮ್ಯಾಟಡಾರನ್ನು ಕಾಣದ ಹಳ್ಳಿಯೇ ಒಂದು ಕಾಲಕ್ಕೆ ಇರಲಿಲ್ಲವೆನ್ನಬಹುದು. ೧೯೮೭ರಲ್ಲಿ ಬಂದ ಟ್ರಾವೆಲರು ಇನ್ನೂ ದಾರಿಯಲ್ಲಿದೆ. ಹಳೆಯ ಟ್ರಾವೆಲರುಗಳಲ್ಲಿ ಜರ್ಮನಿಯ ಬೆಂಜ್ ವಿನ್ಯಾಸದ ೨.೪ ಲೀಟರಿನ ಡೀಸೆಲ್ ಎಂಜಿನು ಇರುವುದು. ೧೯೮೪ರಿಂದ ೨೦೧೯ರವರೆಗೆ ಬಂದ ಮಾರುತಿಯ ಪುಟ್ಟ ವ್ಯಾನನ್ನು ನಾವಿಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ೭೯೬ ಘನ ಸೆಂಟಿಮೀಟರಿನ ಆ ಪೆಟ್ರೋಲ್ ಎಂಜಿನಿಗೆ ಟ್ರೈಲರನ್ನು ಕಟ್ಟುವುದು ಕರುವಿಗೆ ನೊಗ ಹೊರಿಸಿದಂತೆ. ಆದುದರಿಂದ ಮುಂದಿನ ಮಾತುಗಳೆಲ್ಲ ಡೀಸೆಲ್ ವ್ಯಾನುಗಳನ್ನು ಕುರಿತವು.

ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು? ಬಲ ಹುಟ್ಟುತ್ತಲೇ ಇಲ್ಲವೋ, ಹುಟ್ಟಿದ ಬಲ ದಾರಿಯಲ್ಲಿ ಸೋರಿಹೋಗುತ್ತಿದೆಯೋ ಎಂಬ ಪ್ರಶ್ನೆಯಿಂದ ಎಂದು ನಾವು ಹೇಳುವೆವು. ಮನೆಯಲ್ಲಿ ಹಣವಿಲ್ಲದಾಗ ಆದಾಯ ಕಡಿಮೆಯಾಯಿತೋ ಖರ್ಚು ಹೆಚ್ಚಿತೋ ಎಂದು ಕೇಳುವುದಿಲ್ಲವೆ? ಹಾಗೆಯೇ ಇದು. ಸೋರಿಕೆಯನ್ನು ನೋಡುವುದು ಸುಲಭ, ಅಗ್ಗ. ಆದುದರಿಂದ ಅದೇ ಮೊದಲು.

ಟ್ರೈಲರನ್ನು ಸಮತಟ್ಟಾದ ಗಟ್ಟಿನೆಲದಲ್ಲಿ ಕೊಂಡಿ ಕಳಚಿ, ಸಾಮಾನಿಳಿಸಿ, ಇಬ್ಬರು ಕೈಯಿಂದ ತಳ್ಳಿನೋಡಬೇಕು. ಖಾಲಿ ಟ್ರೈಲರು ಹೆಚ್ಚು ಪ್ರಯಾಸವಿಲ್ಲದೆ ಉರುಳಬೇಕು. ಉರುಳದಿದ್ದರೆ ಒಂದೊಂದು ಗಾಲಿಯನ್ನೂ ಜಾಕಿಯಿಂದೆತ್ತಿ ತಿರುಗಿಸಬೇಕು. ಬೇರಿಂಗು ಕೆಟ್ಟಿದ್ದರೆ ಬೀಸುವ ಕಲ್ಲಿನ ಸದ್ದು ಕೇಳಿಸುತ್ತದೆ. ಕೆಲವು ಟ್ರೈಲರುಗಳಿಗೆ ತಮ್ಮದೇ ಬ್ರೇಕು ಇರುವುದುಂಟು. ಮಳೆಗಾಲದಲ್ಲಿ ತುಕ್ಕು ಹಿಡಿದು ಅದು ಬಿಗಿದ ಮೇಲೆ ಬಿಡುವುದೇ ಇಲ್ಲ. ವ್ಯಾನಿನ ನಾಲ್ಕು ಗಾಲಿಗಳಿಗೂ ಇದೇ ಪರೀಕ್ಷೆ. ಇನ್ನೂ ಸುಲಭವಾದ ಒಂದು ಉಪಾಯವುಂಟು: ಹತ್ತು ಕಿಲೋಮೀಟರು ಓಡಿಸಿ, ಕೊನೆಯಲ್ಲಿ ಬ್ರೇಕು ಮುಟ್ಟದೆ ವೇಗ ತಾನಾಗಿ ಇಳಿಯುವಂತೆ ನಿಲ್ಲಿಸಿ, ಪ್ರತಿ ಗಾಲಿಯ ನಡುಭಾಗದ ಬಳಿ ಅಂಗೈಯ ಹಿಂಬದಿಯನ್ನು ಹಿಡಿಯಬೇಕು. ಮುಟ್ಟಕೂಡದು, ಸುಟ್ಟೀತು. ಉಳಿದವು ಬೆಚ್ಚಗಿದ್ದು ಒಂದು ಮಾತ್ರ ಕಾದಿದ್ದರೆ ಕಳ್ಳನು ಸಿಕ್ಕಿದನೆಂದೇ ತಿಳಿಯಬೇಕು. ಟಯರುಗಳ ಗಾಳಿಯ ವಿಷಯವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೂ ಟ್ರೈಲರಿನ ಟಯರುಗಳಿಗೆ ಗಾಳಿ ಹಾಕಿಸುವವರನ್ನು ನಾವು ಕಂಡದ್ದು ಬಲು ಅಪರೂಪ.

ಬಲ ಸೋರುವ ಮತ್ತೊಂದು ಸ್ಥಳ ಕ್ಲಚ್ಚು. ಏರಿನಲ್ಲಿ ಆಕ್ಸಿಲರೇಟರನ್ನು ಒತ್ತಿದಾಗ ಎಂಜಿನಿನ ಸದ್ದು ಏರುತ್ತದೆ, ವ್ಯಾನಿನ ವೇಗ ಮಾತ್ರ ಏರುವುದಿಲ್ಲ. ಜೊತೆಗೆ ಸುಟ್ಟ ವಾಸನೆ ಬರುತ್ತದೆ. ಹೀಗಿದ್ದರೆ ಕ್ಲಚ್ ಪ್ಲೇಟು ಸವೆದು ಜಾರುತ್ತಿದೆ. ಎಂಜಿನಿನ ತಪ್ಪೇನೂ ಇಲ್ಲ. ಮ್ಯಾಟಡಾರಿನ ಯಜಮಾನರು ಇನ್ನೂ ಒಂದನ್ನು ನೆನಪಿಡಬೇಕು. ಆ ಗಾಡಿಯನ್ನು ಎಳೆಯುವುದು ಮುಂದಿನ ಗಾಲಿಗಳು. ಟ್ರೈಲರಿನ ಮುಂಭಾಗದಲ್ಲಿ ಭಾರವೆಲ್ಲವನ್ನೂ ಹೇರಿದರೆ ಕೊಂಡಿಯ ಮೇಲೆ ತೂಕ ಬಿದ್ದು, ವ್ಯಾನಿನ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತದೆ. ಮಳೆ ಬಿದ್ದ ಘಟ್ಟದಲ್ಲಿ ಮುಂದಿನ ಗಾಲಿಗಳು ಜಾರಿ ತಿರುಗುತ್ತವೆ. ಚಾಲಕನು ಇದನ್ನೂ ‘ಪಿಕಪ್ಪಿಲ್ಲ’ ಎಂದೇ ಕರೆಯುತ್ತಾನೆ. ಕೊಂಡಿಯ ಮೇಲೆ ಬೀಳುವ ತೂಕವು ಟ್ರೈಲರಿನ ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಪಾಲಿರುವಂತೆ ಹೇರಿದರೆ ಸಾಕು. ತೀರ ಕಡಿಮೆಯಾದರೆ ಟ್ರೈಲರು ಬಾಲದಂತೆ ಅತ್ತಿತ್ತ ಬೀಸತೊಡಗುವುದು. ಅದು ಇನ್ನೂ ಅಪಾಯ.

ಇಷ್ಟೂ ಸರಿಯಾಗಿದ್ದರೆ ಬಲ ಹುಟ್ಟುವ ಕಡೆಗೆ ತಿರುಗಬೇಕು. ಇಲ್ಲಿ ಎಂಜಿನಿನ ಹೊಗೆಯೇ ಗುರು. ಏರಿನಲ್ಲಿ ಪೂರ್ತಿ ಒತ್ತಿ ಹಿಡಿದಾಗ ಹಿಂದೆ ಬರುವ ಹೊಗೆಯನ್ನು, ಹಿಂಬಾಲಿಸುವ ಬೈಸಿಕಲ್ ಮೋಟಾರಿನವನೊಬ್ಬನಿಂದ ನೋಡಿಸಬೇಕು. ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಬರುತ್ತಿದೆ, ಅದನ್ನು ಸುಡುವಷ್ಟು ಗಾಳಿ ಬರುತ್ತಿಲ್ಲ ಎಂದರ್ಥ. ಅಥವಾ ಡೀಸೆಲನ್ನು ಸಿಂಪಡಿಸುವ ನಾಜಲ್ಲುಗಳು ತೊಟ್ಟಿಕ್ಕುತ್ತಿವೆ. ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವುದರ ಗುರುತು. ಬಿಳಿಯ ಹೊಗೆ ಬಿಸಿಯಾದ ಎಂಜಿನಿನಿಂದಲೂ ಬರುತ್ತಿದ್ದರೆ ಡೀಸೆಲ್ ಸರಿಯಾದ ಸಮಯಕ್ಕೆ ಉರಿಯುತ್ತಿಲ್ಲ, ಇಲ್ಲವೆ ನೀರು ಒಳಗೆ ಸೇರುತ್ತಿದೆ. ಇವೆಲ್ಲವನ್ನೂ ಬಹುಮಂದಿ ಬಲ್ಲರು. ಆದರೆ ಹೊಗೆಯೇ ಇಲ್ಲದಿರುವುದೂ ಒಂದು ಲಕ್ಷಣವೆಂಬುದನ್ನು ಅನೇಕರು ಮರೆಯುತ್ತಾರೆ. ಹಳೆಯ ಡೀಸೆಲ್ ಎಂಜಿನು ಭಾರ ಹೊತ್ತು ಪೂರ್ತಿ ಒತ್ತಡದಲ್ಲಿ ಏರುತ್ತಿರುವಾಗ ತುಸುವಾದರೂ ಕಪ್ಪು ಎಳೆ ಕಾಣಬೇಕು. ಬಲವೂ ಇಲ್ಲ, ಹೊಗೆಯೂ ಇಲ್ಲವೆಂದರೆ ಎಂಜಿನಿಗೆ ಡೀಸೆಲ್ ಸಾಲದೆ ಹಸಿದಿದೆ. ಹಸಿದವನಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಫಲವೇನು?

ನಮಗೆ ಪರಿಚಿತವಾದ ಒಂದು ಕುಟುಂಬದಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಉಚಿತ. ಸುಳ್ಯದ ಕಡೆಯ ಅಡುಗೆಯವರು; ಅಣ್ಣ ತಮ್ಮಂದಿರಿಬ್ಬರೂ ಮದುವೆಗಳ ಪಾಕಶಾಲೆಯಲ್ಲಿಯೇ ಬೆಳೆದವರು. ಹಳೆಯದೊಂದು ಡೀಸೆಲ್ ವ್ಯಾನು, ಪಾತ್ರೆ ಪಡಗಗಳಿಗೆ ಒಂದು ಟ್ರೈಲರು, ಇವು ಅವರ ಆಸ್ತಿ. ಕೊಡಗಿನ ಮದುವೆಗಳಿಗೆ ಸಂಪಾಜೆಯ ದಾರಿಯಾಗಿ ಹೋಗಬೇಕು. ಒಂದು ಹಂಗಾಮಿನಲ್ಲಿ ವ್ಯಾನು ಘಟ್ಟದಲ್ಲಿ ಸೋಲತೊಡಗಿತು. ಒಂದು ದಿನ ಏರುತ್ತದೆ, ಇನ್ನೊಂದು ದಿನ ಏರುವುದಿಲ್ಲ. ಒಂದು ಮದುವೆಗೆ ಪಾತ್ರೆಗಳು ಎರಡು ಗಂಟೆ ತಡವಾಗಿ ಮುಟ್ಟಿ, ಬೆಳಗಿನ ಉಪ್ಪಿಟ್ಟನ್ನು ಬಾಡಿಗೆಯ ಬಾಣಲೆಯಲ್ಲಿ ಕೆದಕಬೇಕಾಯಿತು. ಅಡುಗೆಯವರಿಗೆ ಇದಕ್ಕಿಂತ ಮಾನಹಾನಿ ಬೇರೆಯಿಲ್ಲ. ಮುಂದಿನ ಎರಡು ಮದುವೆಗಳು ಕೈತಪ್ಪಿದುವು.

ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರನ್ನು ಬದಲಿಸಿದರು, ಗಾಳಿಯ ಫಿಲ್ಟರನ್ನು ಬದಲಿಸಿದರು. ಗಾಡಿಯನ್ನು ಓಡಿಸಿ ನೋಡಿ “ಸರಿಯಾಗಿದೆ” ಎಂದರು. ಮರುವಾರ ಘಟ್ಟದಲ್ಲಿ ಮತ್ತೆ ಅದೇ ಕಥೆ. ಆಗ ಎಂಜಿನು ಬಿಚ್ಚುವ ಮಾತು ಬಂತು. ಅಣ್ಣನು ಹೆಂಡತಿಯ ಬಳೆಗಳನ್ನು ಅಡವಿಡುವ ಆಲೋಚನೆಯಲ್ಲಿದ್ದನು. ಆಕೆ ಬಳೆ ಕೊಡಲು ಒಪ್ಪಿದಳು. ಆದರೆ ಅದಕ್ಕೆ ಮೊದಲು ಇನ್ನೊಬ್ಬ ಮೇಸ್ತ್ರಿಗೆ ತೋರಿಸಬೇಕೆಂದು ಹಟ ಹಿಡಿದಳು. ಬಂದ ಮೇಸ್ತ್ರಿ ವಯಸ್ಸಾದವರು. ಅವರು ಗಾಡಿಯನ್ನು ಮುಟ್ಟುವ ಮೊದಲು ಕೇಳಿದುದು ಮೂರೇ ಪ್ರಶ್ನೆ: ಹೊಗೆ ಬರುತ್ತದೆಯೇ? ಯಾವ ಯಾವ ದಿನ ಸೋತಿತು? ಆ ದಿನಗಳಲ್ಲಿ ಸಮಾನವಾದುದೇನು?

ಹೊಗೆ ಬರುತ್ತಿರಲಿಲ್ಲ. ದಿನಗಳು ಗಂಡಸರಿಗೆ ನೆನಪಿರಲಿಲ್ಲ. ಆಕೆ ಒಳಗೆ ಹೋಗಿ ಮನೆಯ ಲೆಕ್ಕದ ಪುಸ್ತಕವನ್ನು ತಂದಳು. ಯಾವ ದಿನ ಯಾವ ಊರು, ಎಷ್ಟು ಎಲೆ, ಎಷ್ಟು ಡೀಸೆಲ್ ಹಾಕಿಸಿದುದು, ಎಲ್ಲವೂ ಅದರಲ್ಲಿತ್ತು. ಇಬ್ಬರೂ ಕುಳಿತು ನೋಡಿದರು. ಹೊರಡುವ ದಿನವೇ ಸುಳ್ಯದಲ್ಲಿ ಟ್ಯಾಂಕಿ ತುಂಬಿಸಿದಾಗಲೆಲ್ಲ ಗಾಡಿ ಘಟ್ಟ ಏರಿತ್ತು. ಕೈಯಲ್ಲಿ ಹಣ ಕಡಿಮೆಯಿದ್ದು, ಹಿಂದಿನ ವಾರದ ಡೀಸೆಲಿನಲ್ಲಿಯೇ ಹೊರಟ ದಿನಗಳಲ್ಲೆಲ್ಲ ಸೋತಿತ್ತು. ಗ್ಯಾರೇಜಿನವರಾದರೋ ಓಡಿಸಿ ನೋಡುವ ಮುನ್ನ ಪ್ರತಿಸಲವೂ ಡೀಸೆಲ್ ತುಂಬಿಸಿಕೊಂಡಿದ್ದರು!

“ಅಕ್ಕಾ, ಈ ಪುಸ್ತಕವನ್ನು ಮೊದಲೇ ತೋರಿಸಿದ್ದರೆ ಆಗುತ್ತಿತ್ತಲ್ಲ” ಎಂದರು ಮೇಸ್ತ್ರಿ.

“ಎಲ್ಲರೂ ಎಂಜಿನಿನ ವಿಷಯ ಕೇಳಿದರೇ ಹೊರತು ಡೀಸೆಲಿನ ಲೆಕ್ಕವನ್ನು ಯಾರೂ ಕೇಳಲಿಲ್ಲವಣ್ಣಾ” ಎಂದಳು ಆಕೆ.

ಮೇಸ್ತ್ರಿ ಟ್ಯಾಂಕಿಯಿಂದ ಪಂಪಿಗೆ ಹೋಗುವ ಕೊಳವೆಯ ನಡುವೆ ಒಂದು ಗೇಣು ಪಾರದರ್ಶಕ ಕೊಳವೆಯನ್ನು ಸೇರಿಸಿದರು. ಟ್ಯಾಂಕಿ ತುಂಬಿದ್ದಾಗ ಡೀಸೆಲ್ ಗಾಜಿನಂತೆ ಹರಿಯಿತು. ಅರ್ಧಕ್ಕಿಂತ ಕೆಳಗಿಳಿಸಿ ಎಂಜಿನನ್ನು ಜೋರಾಗಿ ಓಡಿಸಿದಾಗ ಗುಳ್ಳೆಗಳು ಸಾಲುಗಟ್ಟಿ ಬಂದುವು. ಟ್ಯಾಂಕಿಯನ್ನಿಳಿಸಿ ಒಳಗಿನ ಹೀರುಕೊಳವೆಯನ್ನು ಹೊರತೆಗೆದರೆ, ಅದರ ನಡುಭಾಗದಲ್ಲಿ ತುಕ್ಕು ತಿಂದು ಸೂಜಿಮೊನೆಯಷ್ಟು ರಂಧ್ರವಿದ್ದಿತು. ಡೀಸೆಲ್ ಆ ರಂಧ್ರಕ್ಕಿಂತ ಮೇಲಿರುವ ತನಕ ಅದರಿಂದ ಬಾಧಕವಿಲ್ಲ. ಕೆಳಗಿಳಿದೊಡನೆ ಪಂಪು ಡೀಸೆಲಿನ ಜೊತೆಗೆ ಗಾಳಿಯನ್ನೂ ಹೀರುತ್ತದೆ. ಬಯಲಿನಲ್ಲಿ ಎಂಜಿನು ಕೇಳುವುದು ಕಡಿಮೆ. ಅಷ್ಟು ಹೇಗೋ ಸಾಗುತ್ತದೆ. ಟ್ರೈಲರು ಕಟ್ಟಿ ಏರು ಹತ್ತಿದಾಗ ಪಂಪು ಬಲವಾಗಿ ಎಳೆಯುತ್ತದೆ, ಗಾಳಿಯೂ ಬಲವಾಗಿ ನುಗ್ಗುತ್ತದೆ. ಹೊಸ ಕೊಳವೆ, ಕೂಲಿ, ಎಲ್ಲ ಸೇರಿ ಆದ ಖರ್ಚು ಒಂದು ಸಣ್ಣ ಉಪನಯನದ ಹಾಲಿನ ಲೆಕ್ಕಕ್ಕೂ ಸಮವಾಗಲಿಲ್ಲ. ಟ್ರೈಲರಿನ ಎಡಗಾಲಿಯ ಬೇರಿಂಗೂ ಕೆಟ್ಟಿದ್ದುದು ಅದೇ ದಿನ ಸಿಕ್ಕಿತು, ಅದನ್ನೂ ಬದಲಿಸಿದರು. ಒಂದು ದೋಷ ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬಾರದೆಂಬುದು ಆ ಮೇಸ್ತ್ರಿಯ ಕ್ರಮ.

ಡೀಸೆಲ್ ಹಸಿವಿಗೆ ಇದೊಂದೇ ಕಾರಣವೆಂದು ಯಾರೂ ಭಾವಿಸಬಾರದು. ಎಲ್ಲಕ್ಕಿಂತ ಅಗ್ಗವಾದ ಪರೀಕ್ಷೆ ಆಕ್ಸಿಲರೇಟರಿನದು. ಒಬ್ಬರು ಪೆಡಲನ್ನು ತಳದವರೆಗೆ ಒತ್ತಿರಲಿ, ಇನ್ನೊಬ್ಬರು ಎಂಜಿನಿನ ಬಳಿ ಪಂಪಿನ ಸನ್ನೆಯನ್ನು ನೋಡಲಿ. ವರ್ಷಗಟ್ಟಲೆ ಎಳೆದು ಎಳೆದು ಕೇಬಲು ಉದ್ದವಾಗಿದ್ದರೆ, ಅಥವಾ ಕಾಲಡಿಯ ಚಾಪೆ ದಪ್ಪವಾಗಿದ್ದರೆ, ಕಾಲು ತಳ ಮುಟ್ಟಿದರೂ ಸನ್ನೆ ತನ್ನ ಕೊನೆಯನ್ನು ಮುಟ್ಟಿರುವುದಿಲ್ಲ. ಚಾಪೆಯೊಂದನ್ನು ತೆಗೆದುಹಾಕಿದುದರಿಂದ ಗುಣ ಕಂಡ ಗಾಡಿಗಳಿವೆ. ಎರಡನೆಯದು ಟ್ಯಾಂಕಿಯ ಮುಚ್ಚಳ. ಡೀಸೆಲ್ ಕಡಿಮೆಯಾದಂತೆ ಆ ಸ್ಥಳಕ್ಕೆ ಗಾಳಿ ಬರಲು ಟ್ಯಾಂಕಿಗೆ ಒಂದು ಸಣ್ಣ ದಾರಿಯಿರುತ್ತದೆ. ಅದು ಮಣ್ಣಿನಿಂದ ಮುಚ್ಚಿದರೆ ಟ್ಯಾಂಕಿಯೊಳಗೆ ನಿರ್ವಾತವುಂಟಾಗಿ ಡೀಸೆಲ್ ಬರಲೊಲ್ಲದು. ಗಾಡಿ ಸೋತಾಗ ನಿಲ್ಲಿಸಿ ಮುಚ್ಚಳ ತೆರೆದರೆ ‘ಸುಯ್’ ಎಂದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಬಳಿಕ ಗಾಡಿ ಏನೂ ಆಗದಂತೆ ಹೊರಡುತ್ತದೆ. ಮೂರನೆಯದು ಟ್ಯಾಂಕಿಯ ತಳದ ಕೆಸರು. ಇದರ ಗುರುತು ಬೇರೆ: ಸೋತ ಗಾಡಿಯನ್ನು ಹತ್ತು ನಿಮಿಷ ಆರಿಸಿ ನಿಲ್ಲಿಸಿದರೆ, ಜಾಲರಿಗೆ ಅಂಟಿದ್ದ ಕಸ ಕೆಳಗೆ ಬಿದ್ದು ಸ್ವಲ್ಪ ದೂರ ಚೆನ್ನಾಗಿ ಓಡಿ ಮತ್ತೆ ಸೋಲುತ್ತದೆ. ರಬ್ಬರು ಕೊಳವೆಗಳನ್ನು ಇಲಿ ಕಡಿಯುವುದೂ ನಮ್ಮಲ್ಲಿ ವಿರಳವಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ವ್ಯಾನಿನ ಡೀಸೆಲ್ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರನ್ನು ಹರಿಯಬಿಟ್ಟು, ಕೈಪಂಪಿನಿಂದ ಏರ್ ತೆಗೆದ ಮೇಲೆಯೇ ಹೊರಡತಕ್ಕುದು.

ಕಪ್ಪು ಹೊಗೆಯವರಿಗೆ ಗಾಳಿಯ ದಾರಿಯೇ ಮುಖ್ಯ. ಅಡಿಕೆ ಸುಲಿಯುವ ಅಂಗಳದಲ್ಲಿಯೋ ಬತ್ತದ ಕಣದ ಬಳಿಯೋ ನಿಲ್ಲುವ ವ್ಯಾನಿನ ಗಾಳಿಯ ಫಿಲ್ಟರನ್ನು ಹೊರತೆಗೆದು ಬಿಸಿಲಿಗೆ ಹಿಡಿದು ನೋಡಬೇಕು. ಬೆಳಕು ಹಾಯದಿದ್ದರೆ ಗಾಳಿಯೂ ಹಾಯದು. ಹೊಗೆ ಹೊರಹೋಗುವ ದಾರಿಯೂ ಅಷ್ಟೇ ಮುಖ್ಯ. ಹಳೆಯ ಸೈಲೆನ್ಸರಿನ ಒಳಗಿನ ತಗಡು ಕಳಚಿ ಅಡ್ಡ ಬೀಳುವುದುಂಟು. ಆರಿದಾಗ ಕೋಲಿನಿಂದ ತಟ್ಟಿದರೆ ಒಳಗೆ ಗಲಗಲ ಎನ್ನುವುದು. ಟರ್ಬೊ ಇರುವ ಗಾಡಿಗಳಲ್ಲಿ ಗಾಳಿಯ ರಬ್ಬರು ಕೊಳವೆ ಸೀಳಿದರೆ ಕಪ್ಪು ಹೊಗೆಯ ಜೊತೆಗೆ ಸಿಳ್ಳಿನ ಸದ್ದು ಕೇಳಿಸುತ್ತದೆ. ನಾಜಲ್ಲುಗಳನ್ನೂ ಪಂಪನ್ನೂ ಅದೇ ಕಸುಬಿನ ಅಂಗಡಿಯಲ್ಲಿ ಯಂತ್ರದ ಮೇಲಿಟ್ಟು ನೋಡಿಸಬೇಕು. ಪಂಪಿನ ಮೊಹರು ಹಾಕಿದ ತಿರುಪನ್ನು ತುಸು ತಿರುಗಿಸಿ “ಪಿಕಪ್ಪು ಕೊಡುತ್ತೇನೆ” ಎನ್ನುವವರ ಮಾತಿಗೆ ಮರುಳಾಗಕೂಡದು. ಎರಡು ದಿನ ಗಾಡಿ ಹಾರುವುದು ನಿಜ. ಆಮೇಲೆ ಹೊಗೆ, ಅತಿಯಾದ ಕಾವು, ಕೊನೆಗೆ ಕರಗಿದ ಪಿಸ್ಟನ್ನು.

ಎಂಜಿನೇ ಸವೆದಿರುವುದೂ ಉಂಟು. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಚಳಿಯ ಬೆಳಗಿನಲ್ಲಿ ಬಹಳ ಹೊತ್ತು ತಿರುಗಿಸಿದರೂ ಹೊತ್ತದಿರುವುದು, ನೀಲಿ ಹೊಗೆ, ಎಣ್ಣೆ ದಿನದಿನಕ್ಕೆ ಇಳಿಯುವುದು, ಎಂಜಿನು ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ತೆರೆದರೆ ಬುಸುಬುಸನೆ ಹೊಗೆ ಚಿಮ್ಮುವುದು, ಈ ನಾಲ್ಕೂ ಕೂಡಿ ಬಂದರೆ ಸಂಶಯ ಬಲವಾಗುತ್ತದೆ. ಆಗಲೂ ಬಿಚ್ಚುವ ಮೊದಲು ಪ್ರತಿ ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ಅಳೆದು, ಆ ಅಂಕಿಗಳನ್ನು ಬರೆಯಿಸಿಕೊಳ್ಳಬೇಕು. ಅಳೆಯದೆ ಬಿಚ್ಚಲು ಹೊರಡುವ ಗ್ಯಾರೇಜಿನಿಂದ ಗಾಡಿಯನ್ನು ಹಿಂದಕ್ಕೆ ತರುವುದೇ ಲೇಸು. ಅಳೆದ ಮೇಲೆ ಒತ್ತಡ ಕುಸಿದಿದ್ದರೆ, ಹಣ ಹೊಂದಿಸಿ ಒಳ್ಳೆಯ ಕಡೆ ಮಾಡಿಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಅರ್ಧಂಬರ್ಧ ಕೆಲಸಕ್ಕೆ ಕೊಟ್ಟ ಹಣ ಹೊಳೆಯಲ್ಲಿ ಹಾಕಿದಂತೆ.

ದೋಷವನ್ನು ಹುಡುಕುವುದು ಅಂಗಳದಲ್ಲಾಯಿತು. ಘಟ್ಟದ ನಡುವೆಯೇ ಗಾಡಿ ಸೋತರೆ ಮಾಡುವುದೇನು? ಮೊದಲನೆಯದಾಗಿ, ಬಲ ಕುಂದಿತೆಂದು ಪೆಡಲನ್ನು ಇನ್ನಷ್ಟು ಒತ್ತಿ ಅದೇ ಗೇರಿನಲ್ಲಿ ಹೆಣಗಬಾರದು. ಎಂಜಿನು ನರಳುವ ಮುನ್ನವೇ ಗೇರಿಳಿಸಬೇಕು. ಕಾವಿನ ಮುಳ್ಳು ಏರುತ್ತಿದ್ದರೆ ಅಗಲವಾದ ಸ್ಥಳ ನೋಡಿ ನಿಲ್ಲಿಸಿ, ಎಂಜಿನನ್ನು ಕೆಲವು ನಿಮಿಷ ನಿಧಾನವಾಗಿ ಓಡಗೊಟ್ಟು, ಆಮೇಲೆ ಆರಿಸಬೇಕು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ತೆರೆದು ಮುಖ ಸುಟ್ಟುಕೊಂಡವರು ಎಷ್ಟೋ ಮಂದಿ. ತಿರುವಿನಲ್ಲಿ ನಿಲ್ಲಬೇಕಾಗಿ ಬಂದರೆ ಒಳಗಿರುವವರನ್ನು, ವಿಶೇಷವಾಗಿ ಮಕ್ಕಳನ್ನು, ದಾರಿಯ ಒಳಬದಿಗೆ ಇಳಿಸಬೇಕು. ಇಳಿದವರು ಟ್ರೈಲರಿನ ಹಿಂದೆ ಸುಳಿಯಕೂಡದು. ಟ್ರೈಲರು ಕಟ್ಟಿದ ವ್ಯಾನು ಹಿಂದಕ್ಕೆ ಜಾರತೊಡಗಿದರೆ ನೇರವಾಗಿ ಬರುವುದಿಲ್ಲ; ಕೊಂಡಿಯಲ್ಲಿ ಮಡಿಚಿಕೊಂಡು ಅಡ್ಡವಾಗುತ್ತದೆ, ಆಗ ಚಾಲಕನ ಚಕ್ರ ಅದರ ಮಾತನ್ನು ಕೇಳದು. ಹಳೆಯ ಹ್ಯಾಂಡ್‌ಬ್ರೇಕು ಎರಡರ ಭಾರವನ್ನೂ ತಡೆಯುವುದೆಂದು ನಂಬುವುದು ಸಾಹಸವೇ ಸರಿ. ೧೯೮೮ರ ಮೋಟಾರು ವಾಹನ ಕಾಯಿದೆ ಟ್ರೈಲರನ್ನು ಪ್ರತ್ಯೇಕವಾಗಿಯೇ ಹೆಸರಿಸಿದೆ. ಅಪಘಾತವಾದರೆ ಅದರ ಕಾಗದಪತ್ರಗಳೂ ವಿಮೆಯೂ ಸರಿಯಿದ್ದುವೇ ಎಂಬ ಪ್ರಶ್ನೆ ಮೊದಲು ಏಳುವುದೆಂಬುದನ್ನೂ ಗೃಹಸ್ಥರು ಮರೆಯಬಾರದು.

ಜಾರದಂತೆ ಗಾಲಿಗೆ ಕಲ್ಲು ಕೊಡುವುದು ನಮ್ಮ ಚಾಲಕರ ಹಳೆಯ ಪದ್ಧತಿ. ಅದು ಒಳ್ಳೆಯದೇ. ಆದರೆ ಗಾಡಿ ಹೊರಟಮೇಲೆ ಆ ಕಲ್ಲು ದಾರಿಯ ನಡುವೆಯೇ ಉಳಿಯುತ್ತದೆ. ರಾತ್ರಿ ಬರುವ ಬೈಸಿಕಲ್ ಮೋಟಾರಿನವನಿಗೆ ಅದು ಮೃತ್ಯುವಾಗಬಲ್ಲದು. ಕಲ್ಲಿಗಿಂತ ಹಲಸಿನ ಮರದ ದಪ್ಪ ಬೆಣೆಗಳು ನಾಲ್ಕನ್ನು ಬಡಗಿಯಿಂದ ಮಾಡಿಸಿ, ಎರಡನ್ನು ವ್ಯಾನಿಗೂ ಎರಡನ್ನು ಟ್ರೈಲರಿಗೂ ಇಟ್ಟುಕೊಳ್ಳುವುದು ಮೇಲು. ನಾವು ಹೇಳಿದ ಆ ಅಡುಗೆಯವರು ಬೆಣೆಗಳಿಗೆ ರಂಧ್ರ ಕೊರೆಯಿಸಿ, ಎರಡು ಮಾರು ಹಗ್ಗದಿಂದ ಟ್ರೈಲರಿನ ಚೌಕಟ್ಟಿಗೇ ಕಟ್ಟಿಬಿಟ್ಟಿದ್ದಾರೆ. ವ್ಯಾನು ಏರಿನಲ್ಲಿ ಹೊರಟೊಡನೆ ಅವು ತಾವಾಗಿಯೇ ಹಿಂದೆ ಎಳೆದುಕೊಂಡು ಬರುತ್ತವೆ; ಮುಂದೆ ಸಮನೆಲ ಸಿಕ್ಕಿದಲ್ಲಿ ಇಳಿದು ಎತ್ತಿಟ್ಟುಕೊಂಡರಾಯಿತು.